ಗುಂಡನನ್ನು ಮನೆಯಲ್ಲೇ ಬಿಟ್ಟು ಬಾ

ಆನೆಗೊಂದಿ

ಪ್ರೀತಿಯ ಮಂಜುಗೆ ದೊಡ್ಡಮ್ಮನ ಆಶೀರ್ವಾದ.

ಏಪ್ರಿಲ್ ಕೊನೆಗೆ ಮಕ್ಕಳ ರಜೆಯಲ್ಲಿ ಸಣಾಪುರದ ಕೆರೆ ಹತ್ತಿರ ಟೆಂಟ್ ಹಾಕ್ತೀವಿ, ನಾಯಿಗಳಾದ ಗುಂಡನನ್ನೂ ರಾಣಿಯನ್ನೂ ಕರ್ಕೊಂಡು ಬರ್ತೀವಿ ಅಂತ ನೀನು ಕಳಿಸಿದ ಮೆಸೇಜ್ ಓದಿದೆ. ಫೋನಿನಲ್ಲಿ ಹೇಳಿದರೆ "ಹ್ಞೂಂ ದೊಡ್ಡಮ್ಮ, ಹ್ಞೂಂ" ಅನ್ನುತ್ತಾ ಇನ್ನೇನೋ ನೋಡುತ್ತಿರುತ್ತೀಯ. ಅದಕ್ಕೇ ಈ ಪತ್ರ. ಪಶು ಆಸ್ಪತ್ರೆಯಲ್ಲಿ ಸರ್ವಿಸ್ ಮುಗಿಸಿದವಳು ನಾನು. ನಾಯಿ ವಿಷಯದಲ್ಲಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಸಹಿಸಿಕೋ.

ಬರಬೇಡ ಅನ್ನುತ್ತಿಲ್ಲ. ಆದರೆ ನಾಯಿ ಜೊತೆಗೆ ಬರುವುದಾದರೆ ಯಾವ ತಿಂಗಳು, ಎಲ್ಲಿ ಮಲಗೋದು, ಎಷ್ಟು ಹೊತ್ತಿಗೆ ಓಡಾಡೋದು ಎಲ್ಲವನ್ನೂ ನಾಯಿಯ ಮೈ ನೋಡಿ ಗೊತ್ತು ಮಾಡಬೇಕು. ನೀನು ಮೊದಲೇ ಎಲ್ಲ ಗೊತ್ತು ಮಾಡಿ, ಕಾರಿನಲ್ಲಿ ಜಾಗ ಉಳಿದಿದೆ ಅಂತ ಅವೆರಡನ್ನೂ ಹತ್ತಿಸಿಕೊಂಡ ಹಾಗಿದೆ.

ಏಪ್ರಿಲ್ ಬೇಡವೇ ಬೇಡ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಬಿಸಿಲು ಬೆಂಗಳೂರಿನ ಬಿಸಿಲಲ್ಲ. ಆಗ 40 ಡಿಗ್ರಿ ಅಂದ್ರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನಮಗಾದರೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಬೆವರುವುದು ಅಂಗಾಲು ಮಾತ್ರ, ಅದೂ ಹೆಸರಿಗೆ. ನಾಲಿಗೆ ಚಾಚಿ ತೇಕಿಯೇ ಅದು ಮೈಯ ಕಾವನ್ನು ಹೊರಗೆ ಹಾಕಬೇಕು. ನಮ್ಮ ಬಂಡೆಗಳೋ, ಹಗಲೆಲ್ಲ ಕಾದು, ಹೊತ್ತು ಮುಳುಗಿದ ಮೇಲೂ ಕಾವು ಬಿಡುತ್ತಲೇ ಇರುತ್ತವೆ. ಅದರ ಮೇಲೆ ಟೆಂಟ್ ಹಾಕಿದರೆ ನಿನಗೇ ನಿದ್ದೆ ಬರಲ್ಲ, ಇನ್ನು ನಾಯಿಗೆ? ಡಿಸೆಂಬರ್ ರಜೆಗೆ ಬಾ. ಆಗ ರಾತ್ರಿ ಕಂಬಳಿ ಬೇಕಾಗುತ್ತದೆ, ನಾಯಿಗೂ ಹಿತ.

ಈಗ ಗುಂಡನ ಮಾತು. ಅವನು ಪಗ್. ಅವನ ಮೂಗನ್ನು ತಳಿ ಮಾಡಿದವರೇ ಚಪ್ಪಟೆ ಮಾಡಿಬಿಟ್ಟಿದ್ದಾರೆ. ಉಸಿರಿನ ದಾರಿ ಇಕ್ಕಟ್ಟು, ಅದರ ಮೇಲೆ ನಿನ್ನ ಮಕ್ಕಳು ಬಿಸ್ಕೆಟ್ ತಿನ್ನಿಸಿ ಕೊಬ್ಬು ಬೆಳೆಸಿದ್ದಾರೆ. ಮನೆಯಲ್ಲಿ ಸೋಫಾ ಮೇಲೆ ಮಲಗಿದ್ದಾಗಲೇ ಗೊರಗೊರ ಅನ್ನುತ್ತಾನಲ್ಲ, ಅದು ಮುದ್ದಲ್ಲ ಕಣೋ, ಉಸಿರಿನ ಕಷ್ಟ. ಅಂಥವನನ್ನು ಬಂಡೆ ಹತ್ತಿಸಿದರೆ ಡಿಸೆಂಬರ್ ಮಧ್ಯಾಹ್ನವೂ ಅವನಿಗೆ ಹೆಚ್ಚೇ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಇರುತ್ತದೆ. 41 ದಾಟಿತೆಂದರೆ ಒಳಗಿನ ಅಂಗಗಳು ಕೆಡಲು ಶುರು. ಪಗ್‌ಗಳು ಆ ಗೆರೆಯನ್ನು ಬಹಳ ಬೇಗ ಮುಟ್ಟುತ್ತವೆ. ಅವನನ್ನು ನಿನ್ನ ಅತ್ತೆ ಮನೆಯಲ್ಲಿ ಬಿಟ್ಟು ಬಾ. ಮಕ್ಕಳು ಅಳುತ್ತಾರೆ, ಅಳಲಿ. ತುಮಕೂರು ಬರುವಷ್ಟರಲ್ಲಿ ಮರೆಯುತ್ತಾರೆ.

ರಾಣಿ ಬರಲಿ. ಅವಳು ಬೀದಿಯಿಂದ ಬಂದ ನಾಡ ತಳಿ, ಉದ್ದ ಮೂತಿ, ಗಟ್ಟಿ ಕಾಲು. ಆದರೂ ಅವಳಿಗೆ ತೇಕು ಜಾಸ್ತಿಯಾಗಿ, ಜೊಲ್ಲು ಅಂಟಂಟಾಗಿ, ಕಾಲು ತಡವರಿಸಿದರೆ ನೆರಳಿಗೆ ತಂದು ಹೊಟ್ಟೆ, ತೊಡೆಸಂದು, ಪಾದಕ್ಕೆ ಸಾದಾ ನೀರು ಹಾಕಿ ಗಾಳಿ ಬೀಸು. ಒದ್ದೆ ಟವೆಲ್ ಹೊದಿಸಿ ಬಿಡಬೇಡ, ಕಾವು ಒಳಗೇ ಉಳಿಯುತ್ತದೆ. ತಣಿಸುತ್ತಲೇ ಆಸ್ಪತ್ರೆಗೆ ಹೊರಡು.

ಇನ್ನೊಂದು. ಅಂಜನಾದ್ರಿ ಬೆಟ್ಟಕ್ಕೆ ನೀವು ಹೋಗದೆ ಇರಲ್ಲ. 575 ಮೆಟ್ಟಿಲು, ಮಕ್ಕಳ ಜೊತೆ ಹತ್ತಿ ಇಳಿಯುವುದು ಸಣ್ಣ ಹೊತ್ತಿನ ಕೆಲಸವಲ್ಲ. ಮೇಲೆ ಕೋತಿಗಳ ಕಾಟ, ನಾಯಿಯನ್ನು ಕರೆದೊಯ್ಯುವ ಜಾಗವಲ್ಲ. ಹಾಗಂತ ಕಿಟಕಿ ಒಂದಿಷ್ಟು ಇಳಿಸಿ ರಾಣಿಯನ್ನು ಕಾರಿನಲ್ಲಿ ಬಿಟ್ಟು ಹೋಗಬೇಡ. ಹೊರಗೆ 35 ಡಿಗ್ರಿ ಇದ್ದರೆ ಅರ್ಧ ಗಂಟೆಯಲ್ಲಿ ಕಾರಿನೊಳಗೆ 50ರ ಹತ್ತಿರ ಹೋಗುತ್ತದೆ. ಒಬ್ಬರು ಕೆಳಗೆ ಅವಳ ಜೊತೆ ಉಳಿಯಿರಿ. ನಿನಗೆ ಮಂಡಿನೋವು ಇದೆಯಲ್ಲ, ನೀನೇ ಉಳಿ.

ಟೆಂಟ್ ಕೆರೆ ಹತ್ತಿರ ಬೇಡ, ನಮ್ಮ ಬಾಳೆ ತೋಟದಲ್ಲಿ ಹಾಕು. ಬೋರಿದೆ, ಬೇಲಿಯಿದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಮನೆಯಿದೆ. ಕೆರೆ, ತುಂಗಭದ್ರಾ ಹೊಳೆ ಎರಡರ ನೀರಿನಲ್ಲೂ ಮೊಸಳೆ ಭಯ. ದಡದಲ್ಲಿ ನೀರು ಕುಡಿಯಲು ಬಗ್ಗಿದ ನಾಯಿ ಅದಕ್ಕೆ ಸುಲಭದ ತುತ್ತು. ಆದರೆ ನನಗೆ ಮೊಸಳೆಗಿಂತ ಹೆಚ್ಚು ಭಯ ಎಡದಂಡೆ ಕಾಲುವೆಯದು. ನೋಡಲು ತಣ್ಣಗೆ, ಸುಮ್ನೆ ಹರಿಯುವ ಹಾಗೆ ಕಾಣುತ್ತದೆ. ನೀರು ಬಿಟ್ಟಾಗ ಸೆಳೆತ ಜೋರು. ಎರಡೂ ಬದಿ ಇಳಿಜಾರು ಗೋಡೆ, ಪಾಚಿ. ನಾಯಿ ಬಿದ್ದರೆ ಉಗುರು ಹಿಡಿಯಲ್ಲ, ಹತ್ತಲು ಹೋಗಿ ಜಾರಿ ಜಾರಿ ಸುಸ್ತಾಗಿ ಮುಳುಗುತ್ತದೆ. ಅದರ ಹಿಂದೆ ಹುಡುಗನೂ ಧುಮುಕುತ್ತಾನೆ. ನಿನ್ನ ದೊಡ್ಡ ಮಗ ಖಂಡಿತ ಧುಮುಕುವ ಪೈಕಿ. ಕಾಲುವೆ ಕಂಡಲ್ಲಿ ಹಗ್ಗ ಕೈಗೆ ಸುತ್ತಿಕೊಂಡಿರಬೇಕು. ತೆಪ್ಪದಲ್ಲಿ ನಾಯಿ ಫೋಟೊ ಅನ್ನುವ ಆಸೆಯೂ ಬೇಡ. ದುಂಡನೆಯ ತೆಪ್ಪ, ನಾಯಿ ಬೆದರಿ ಒಂದು ಕಡೆ ನೆಗೆದರೆ ಎಲ್ಲರೂ ನೀರಿಗೆ.

ಗದ್ದೆ ನೀರೂ ಕುಡಿಸಬೇಡ. ಗಂಗಾವತಿ ಸೀಮೆಯ ಭತ್ತಕ್ಕೆ ಎಷ್ಟು ಔಷಧಿ ಹೊಡೆಯುತ್ತಾರೆ ಅಂತ ನಿನಗೆ ಗೊತ್ತಿಲ್ಲ. ಮನೆಯ ನೀರು ಕ್ಯಾನಿನಲ್ಲಿ ತುಂಬಿಕೊಡುತ್ತೇನೆ.

ರಾತ್ರಿಯ ವಿಷಯ ಗಮನವಿಟ್ಟು ಓದು. ಈ ಗುಡ್ಡಗಳಲ್ಲಿ ಚಿರತೆ ಇದೆ. ಚಿರತೆಗೆ ನಾಯಿ ಅಂದ್ರೆ ಸುಲಭದ ಊಟ. ಅದು ಗದ್ದಲ ಮಾಡಿ ಬರುವುದಿಲ್ಲ. ಟೆಂಟ್ ಹೊರಗೆ ಗೂಟಕ್ಕೆ ಕಟ್ಟಿದ ನಾಯಿ ಕಾವಲಲ್ಲ, ಎರೆ. ಕತ್ತಲಾದ ಮೇಲೆ ರಾಣಿ ನಿಮ್ಮ ಜೊತೆ ಟೆಂಟ್ ಒಳಗೆ. ಮೂತ್ರಕ್ಕೆ ಹೊರಟರೂ ಹಗ್ಗ ಹಿಡಿದು, ಬ್ಯಾಟರಿ ಬಿಟ್ಟುಕೊಂಡು ನೀನೇ ಹೋಗು. ತಿಂದ ಮೂಳೆ, ಎಲೆ ಟೆಂಟ್ ಹತ್ತಿರ ಬಿಸಾಡಬೇಡ.

ಕರಡಿಯದು ಬೇರೆ ಕಥೆ. ಬಿಟ್ಟ ನಾಯಿ ಪೊದೆಯೊಳಗೆ ಕರಡಿಯನ್ನು ಕೆಣಕುತ್ತದೆ, ಅದು ತಿರುಗಿ ಬಿದ್ದ ತಕ್ಷಣ ಓಡುವುದು ಎಲ್ಲಿಗೆ? ಯಜಮಾನನ ಹತ್ತಿರ. ಹಿಂದೆ ಕರಡಿ. ದರೋಜಿ ಕರಡಿಧಾಮ ನೋಡುವ ದಿನ ರಾಣಿಯನ್ನು ನನ್ನ ಹತ್ತಿರ ಬಿಡು, ಅಭಯಾರಣ್ಯದೊಳಗೆ ಸಾಕುನಾಯಿ ಹೋಗುವ ಹಾಗಿಲ್ಲ.

ಹೊಳೆದಂಡೆಯಲ್ಲೂ ಅವಳನ್ನು ಬಿಡಬೇಡ ಅನ್ನಲು ಇನ್ನೊಂದು ಕಾರಣವಿದೆ. ಡ್ಯಾಮಿನಿಂದ ಕಂಪ್ಲಿ ಸೇತುವೆವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ನಾಯಿಗೆ ಬರುವ ಡಿಸ್ಟೆಂಪರ್ ಅನ್ನುವ ವೈರಸ್ ರೋಗ ನೀರುನಾಯಿಗೂ ತಗಲುತ್ತದೆ. ನಮ್ಮ ಸಾಕುಪ್ರಾಣಿಯ ಹೇಲು ನಾವೇ ಎತ್ತಿ ಹೂಳಬೇಕು. ಬೆಂಗಳೂರಿನ ಪಾರ್ಕಿನಲ್ಲಿ ಎತ್ತುತ್ತೀಯಲ್ಲ, ಇಲ್ಲೂ ಎತ್ತು.

ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ಹಿಂಡು ಕೂತಿರುತ್ತವೆ. ರಾಣಿ ಆಟಕ್ಕೆ ಅಟ್ಟಿದರೂ ಗಬ್ಬದ ಕುರಿ ಕಂದು ಹಾಕಬಹುದು. ಕುರಿಗಾರನಿಗೆ ಅದು ಆಟವಲ್ಲ, ಅವನ ನಾಯಿಗಳಿಗಂತೂ ಅಲ್ಲವೇ ಅಲ್ಲ. ಹಂದಿ ಕಾಟಕ್ಕೆ ಕೆಲವು ಕಡೆ ಹೊಲದ ಸುತ್ತ ಕಳ್ಳತನದಲ್ಲಿ ಕರೆಂಟ್ ತಂತಿ ಎಳೆದಿರುತ್ತಾರೆ, ಉರುಲು ಹಾಕಿರುತ್ತಾರೆ. ಬೇರೆಯವರ ಬೇಲಿ ನುಸುಳಿದ ನಾಯಿ ತಿರುಗಿ ಬರುತ್ತದೆ ಅಂತ ನಂಬಬೇಡ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟೋದು, ಕೊಯ್ಯೋದು, ನಾಟಿ ಔಷಧಿ ಹುಡುಕೋದು ಏನೂ ಬೇಡ. ನಡೆಸದೆ ಎತ್ತಿಕೊಂಡು ಕಾರು ಹತ್ತು. ಮನುಷ್ಯರಿಗೆ ಕೊಡುವ ವಿಷನಿರೋಧಕವೇ ನಾಯಿಗೂ ಕೆಲಸ ಮಾಡುತ್ತದೆ. ಬಂದ ದಿನವೇ ಗಂಗಾವತಿಯಲ್ಲಿ ಯಾವ ಡಾಕ್ಟರ ಹತ್ತಿರ ಅದು ಇದೆ ಅಂತ ಕೇಳಿ ನಂಬರ್ ಬರೆದಿಟ್ಟುಕೊಳ್ಳೋಣ. ಪಶು ಆಂಬುಲೆನ್ಸಿನ 1962 ಇದೆ, ಆದರೆ ಅಪರಾತ್ರಿ ಅದನ್ನೇ ನೆಚ್ಚಿಕೊಂಡು ಕೂರಬೇಡ.

ಊಟದ್ದು ದೊಡ್ಡ ವಿಷಯವಲ್ಲ. ಜೋಳದ ರೊಟ್ಟಿ ಮೊಸರಲ್ಲಿ ನೆನೆಸಿಕೊಟ್ಟರೆ ರಾಣಿಗೆ ಹಬ್ಬ. ಈರುಳ್ಳಿ ಹಾಕಿದ ಮಂಡಕ್ಕಿ, ದ್ರಾಕ್ಷಿ, ಚಾಕೊಲೇಟ್, ಬೆಂದ ಕೋಳಿ ಮೂಳೆ ಮಾತ್ರ ಮಕ್ಕಳು ಕೊಡದ ಹಾಗೆ ನೋಡಿಕೋ. ಒಂದು ಚಿಮುಟ ತಾ, ಬಳ್ಳಾರಿ ಜಾಲಿ ಮುಳ್ಳು ಪಾದಕ್ಕೆ ಚುಚ್ಚದೆ ಬಿಡಲ್ಲ. ಸಂಜೆ ಕಿವಿ, ಬೆರಳುಸಂದು ತಡವಿ ಉಣ್ಣೆ ಹುಳ ಇದೆಯಾ ನೋಡು.

ರೇಬಿಸ್ ಮತ್ತು ಡಿಸ್ಟೆಂಪರ್-ಪಾರ್ವೊ ಲಸಿಕೆ ಹಾಕಿಸಿದ ಕಾರ್ಡಿನ ಫೋಟೊ ಮೊದಲು ಕಳಿಸು. ಹಾಕಿಸಿಲ್ಲವಾದರೆ ಈ ವಾರವೇ ಹಾಕಿಸು. ತೋಟದಲ್ಲಿ ನಮ್ಮದೂ ಎರಡು ನಾಯಿ ಇವೆ, ಕಾರ್ಡ್ ನೋಡದೆ ನಾನು ಗೇಟ್ ತೆಗೆಯುವುದಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ