ಪೆನ್‌ಡ್ರೈವ್ ಹಾಕಿ ಬಾಯಾಡಿಸುವವರನ್ನು ಯಾರೂ ಕೇಳುವುದಿಲ್ಲ

ಮಾನ್ಯ ಸಂಪಾದಕರೇ,

ಈಚೆಗೆ ನಿಮ್ಮ ಓದುಗರ ಅಂಕಣದಲ್ಲಿ ನಮ್ಮ ಕೊಡಗಿನ ಒಬ್ಬ ಹುಡುಗಿಯ ಮೇಲೆ ಒಂದೇ ಸಮನೆ ಪತ್ರಗಳು ಬರುತ್ತಿವೆ. ಲ್ಯಾಪ್‌ಟಾಪ್ ಇಟ್ಟುಕೊಂಡು, ಎಲೆಕ್ಟ್ರಾನಿಕ್ ಬೀಟ್ ಮೇಲೆ, ಅರ್ಧ ಕೊಡವ ತಕ್ಕ್ (ಕೊಡವರ ಮಾತು) ಅರ್ಧ ಕನ್ನಡದಲ್ಲಿ ರ‍್ಯಾಪ್ ಮಾಡ್ತಾಳಲ್ಲ, ಅವಳೇ. ಹೆಸರು ನಾನು ಬರೆಯುವುದಿಲ್ಲ. ಈಗಾಗಲೇ ಬೇಕಾದಷ್ಟು ಜನ ಎಳೆದಾಡಿದ್ದಾರೆ. ಎಲ್ಲರ ದೂರೂ ಒಂದೇ, ಇವಳು ಅಸಲಿ ಅಲ್ಲ ಅಂತ. ಬೆಂಗಳೂರಿನಲ್ಲಿ ಬೆಳೆದವಳು, ಧಾಟಿ ಅಮೆರಿಕದ್ದು, ಬೀಟ್ ಇನ್ಯಾರೋ ಮಾಡಿಕೊಟ್ಟದ್ದು, ತೋಕ್, ಅಂದರೆ ಬಂದೂಕು, ಹಿಡಿದು ಗೊತ್ತಿಲ್ಲದೆ ತೋಕಿನ ಬಗ್ಗೆ ಹಾಡುತ್ತಾಳೆ. ಒಬ್ಬರಂತೂ ಕಾಫಿ ಹೂ ಬಿಡುವುದು ಯಾವಾಗ ಅಂತ ಅವಳಿಗೆ ಗೊತ್ತಾ ಅಂತ ಕೇಳಿದ್ದಾರೆ. ಸ್ವಾಮಿ, ಹೂಮಳೆ ಯಾವಾಗ ಬರಬೇಕು ಅಂತ ಈಗೀಗ ಮಳೆಗೇ ಗೊತ್ತಿಲ್ಲ.

ನಾನು ಸೌಂಡ್ಸ್ ಬಾಡಿಗೆಗೆ ಕೊಡುವವನು. ಮದುವೆ, ಗಣಪತಿ, ಕಾಲೇಜ್ ಡೇ, ಹಾಕಿ ಟೂರ್ನಮೆಂಟು, ಎಲ್ಲದಕ್ಕೂ ಬಾಕ್ಸ್ ಹೊತ್ತುಕೊಂಡು ಹೋಗುತ್ತೇನೆ. ಹಾಗಾಗಿ ವೇದಿಕೆ ಮೇಲೆ ಯಾರು ಅಸಲಿ ಯಾರು ನಕಲಿ ಅನ್ನೋದು ಪತ್ರ ಬರೆಯುವವರಿಗಿಂತ ನನಗೆ ಸ್ವಲ್ಪ ಜಾಸ್ತಿ ಗೊತ್ತು ಅಂದುಕೊಂಡಿದ್ದೇನೆ.

ಅವಳನ್ನು ನಾನು ಮೊದಲು ಕೇಳಿದ್ದು ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಮಿಕ್ಸರ್ ಹಿಂದೆ ನಿಂತು. ಹಾಡುವವರು ಬಂದ ಕೂಡಲೇ ನಮ್ಮನ್ನು ಕೇಳುವುದು ಒಂದೇ ಮಾತು, 'ಅಣ್ಣ, ಎಕೋ ಸ್ವಲ್ಪ ಜಾಸ್ತಿ ಕೊಡಿ'. ಎಕೋ ಜಾಸ್ತಿ ಇದ್ದರೆ ಸ್ವರ ತಪ್ಪಿದ್ದು ಗೊತ್ತಾಗಲ್ಲ, ಅದಕ್ಕೆ. ಈ ಹುಡುಗಿ ಬಂದವಳು ಲ್ಯಾಪ್‌ಟಾಪಿಗೆ ಎರಡು ಲೈನ್ ತಗೊಂಡು, ಮೈಕ್ ಬೇರೆ ಚಾನೆಲ್‌ಗೆ ಹಾಕಿಸಿ, 'ಎಕೋ ಬೇಡ ಅಣ್ಣ, ಮಾತು ಕಲಸಿ ಹೋಗುತ್ತೆ' ಅಂದಳು. ನಾನು ಹೆಡ್‌ಫೋನ್ ಹಾಕಿ ಅವಳ ಚಾನೆಲ್ ಒಂದನ್ನೇ ಕೇಳಿದೆ. ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು. ಒಂದು ಕಡೆ ಉಸಿರು ಸಾಲದೆ ಅರ್ಧ ಸಾಲು ಬಿಟ್ಟುಹೋಯಿತು, ನಕ್ಕುಬಿಟ್ಟಳು, ಮುಂದಿನ ಏಟಿಗೆ ಸರಿಯಾಗಿ ಹಿಡಿದುಕೊಂಡಳು. ಅವತ್ತೇ ರಾತ್ರಿ ಅವಳ ನಂತರ ಬಂದ ಗಾಯಕರು, ಸಾಕಷ್ಟು ಹೆಸರಿರುವವರು, ನನ್ನ ಕೈಗೆ ಪೆನ್‌ಡ್ರೈವ್ ಕೊಟ್ಟು ಮೂರನೇ ಫೈಲ್ ಹಾಕಿ, ಮೈಕ್ ಸ್ವಲ್ಪ ಡೌನ್ ಇರಲಿ ಅಂದರು. ಪೂರ್ತಿ ಹಾಡಿಗೆ ಬಾಯಾಡಿಸಿದರು. ಶಾಲು, ಹಾರ, ಸೆಲ್ಫಿ ಎಲ್ಲಾ ಆಯ್ತು. ಅವರ ಅಸಲಿತನದ ಬಗ್ಗೆ ನಿಮ್ಮ ಪತ್ರಿಕೆಗೆ ಒಂದು ಪತ್ರವೂ ಬಂದ ಹಾಗೆ ಕಾಣಲಿಲ್ಲ.

ಇನ್ನು ಈ ಸಂಗೀತದಲ್ಲಿ ಅಸಲಿ ಅಂದರೆ ಏನು ಅನ್ನೋದು. ಹಿಪ್‌ಹಾಪ್ ಶುರುವಾದ ದಿನ ಅಂತ ಎಲ್ಲರೂ ಹೇಳುವುದು 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನ ಹಾಲಿನಲ್ಲಿ ನಡೆದ ಪಾರ್ಟಿ ಅದು. ರೆಕಾರ್ಡ್ ಹಾಕಿದವನು ಕೂಲ್ ಹರ್ಕ್, ಜಮೈಕಾದಿಂದ ಬಂದ ಹುಡುಗ, ಅಂದರೆ ಅವನೇ ಹೊರಗಿನವನು. ಪಾರ್ಟಿ ಇಟ್ಟವಳು ಅವನ ತಂಗಿ ಸಿಂಡಿ ಕ್ಯಾಂಪ್‌ಬೆಲ್. ಸ್ಕೂಲಿಗೆ ಹೊಸ ಬಟ್ಟೆ ತಗೊಳ್ಳಲು ದುಡ್ಡು ಬೇಕಿತ್ತು, ಟಿಕೆಟ್ ಮಾಡಿದಳು. ಅಣ್ಣನ ಹೆಸರು ಲೋಕಕ್ಕೆಲ್ಲ ಗೊತ್ತು, ತಂಗಿಯದ್ದು ಹುಡುಕಿದವರಿಗೆ ಮಾತ್ರ. ಎಲೆಕ್ಟ್ರೋ ರ‍್ಯಾಪ್ ಅಂತೂ ಹುಟ್ಟಿನಿಂದಲೇ ಬೆರಕೆ. 1982ರಲ್ಲಿ ಆಫ್ರಿಕಾ ಬಂಬಾಟ ಮಾಡಿದ 'ಪ್ಲಾನೆಟ್ ರಾಕ್' ಈ ಜಾತಿಗೆ ದೊಡ್ಡಣ್ಣ, ಅದರ ರಾಗ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ್ದು, ಡ್ರಮ್ ಜಪಾನಿನ ರೋಲ್ಯಾಂಡ್ ಕಂಪನಿಯ 808 ಮಿಷನ್ನಿನದು. ಆ ಮಿಷನ್ 1980ರಲ್ಲಿ ಬಂದಾಗ ನಿಜವಾದ ಡ್ರಮ್ ತರಹ ಕೇಳಲ್ಲ ಅಂತ ಜನ ಮೂಗು ಮುರಿದಿದ್ದರು, 1983ಕ್ಕೆ ಕಂಪನಿಯವರು ತಯಾರಿಸುವುದನ್ನೇ ನಿಲ್ಲಿಸಿದರು. ಇವತ್ತು ನಮ್ಮ ದಸರಾ ಮಂಟಪಗಳ ಹಿಂದೆ ಎದೆ ನಡುಗಿಸುವ ಬೇಸ್ ಬರುತ್ತಲ್ಲ, ಅದರಲ್ಲಿ ಮುಕ್ಕಾಲು ಪಾಲು ಅದೇ ಮಿಷನ್ನಿನ ಮೊಮ್ಮಕ್ಕಳು. ಮಡಿಕೇರಿ ದಸರಾ ನೋಡುತ್ತಾ ಆ ಬೇಸ್‌ಗೆ ಕುಣಿದವರೇ ಈಗ ಹುಡುಗಿಗೆ ಪರಕೀಯ ಸಂಗೀತ ಅಂತ ಪತ್ರ ಬರೀತಾರೆ.

ಧಾಟಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2024ರಲ್ಲಿ ಹನುಮಾನ್‌ಕೈಂಡ್ ಅವರ 'ಬಿಗ್ ಡಾಗ್ಸ್' ಬಂದಾಗ ಪೊನ್ನಾನಿಯ ಮೃತ್ಯುಕೂಪದಲ್ಲಿ ಬೈಕ್ ಸುತ್ತುವ ವಿಡಿಯೋ ನಮ್ಮ ಹುಡುಗರ ಮೊಬೈಲಿನಲ್ಲೆಲ್ಲ ಓಡಿತು. ಅವರು ಕೇರಳದಲ್ಲಿ ಹುಟ್ಟಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದವರು, ಹಾಡಿದ್ದು ಇಂಗ್ಲಿಷಿನಲ್ಲಿ, ಬೀಟ್ ಕಾಲ್ಮಿ ಎಂಬುವರದ್ದು. ಹೆಚ್ಚಿನವರು ನಮ್ಮವನು ಅಂತ ಎದೆ ಉಬ್ಬಿಸಿದರು, ನಾನೂ ಉಬ್ಬಿಸಿದೆ. ಅದೇ ಲೆಕ್ಕ ಇವಳಿಗೆ ಯಾಕಿಲ್ಲ? ಬೆಂಗಳೂರಿನಲ್ಲಿ ಬೆಳೆದಳು ಅಂದರೆ ಅದು ಅವಳ ತಪ್ಪಾ? 2001ರ ಜನಗಣತಿಯಲ್ಲಿ ಕೊಡವ ತಕ್ಕ್ ತಾಯಿನುಡಿ ಅಂದವರು 1,66,187 ಜನ, 2011ಕ್ಕೆ 1,13,857. ಊರಿನಲ್ಲೇ ಕೂತ ಎಷ್ಟು ಮನೆಗಳಲ್ಲಿ ಮಕ್ಕಳ ಜೊತೆ ಆ ಮಾತು ನಡೀತಿದೆ ಅಂತ ಪತ್ರ ಬರೆದವರು ಒಮ್ಮೆ ಹೇಳಲಿ.

ಈಗ ತೋಕಿನ ವಿಷಯಕ್ಕೆ ಬರ್ತೇನೆ, ಏಕೆಂದರೆ ಇಲ್ಲೇ ಎಲ್ಲರಿಗೂ ಉರಿದಿರುವುದು.

ನನ್ನ ತಂಗಿ ಮಗಳು ಹೇಳಿದಳು, 'ಮಾಮ, ಇದೇ ಜಗಳ ಹಿಂದೆ ಪ್ಯಾರಿಸಿನಲ್ಲೂ ಆಗಿದೆ' ಅಂತ. ಉಫಿ ಅನ್ನುವ ಹುಡುಗಿ. ಹುಟ್ಟಿದ್ದು ಮಯಾಮಿ, ಬಾಲ್ಯ ಹಾಂಗ್‌ಕಾಂಗ್, ಆಮೇಲೆ ಪ್ಯಾರಿಸ್. 2006ರಲ್ಲಿ ಎಡ್ ಬ್ಯಾಂಗರ್ ಎಂಬ ಕಂಪನಿಯಿಂದ ಅವಳ 'ಪಾಪ್ ದ ಗ್ಲಾಕ್' ಬಂತು, ಗ್ಲಾಕ್ ಅಂದರೆ ಪಿಸ್ತೂಲು. ಆಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ. ರ‍್ಯಾಪಿನ ನಡೆ 1987ರ ಆಡಿಯೋ ಟೂ ತಂಡದ ಹಾಡಿನದು, ಧ್ವನಿ ಮಿಷನ್ನಿಗೆ ಹಾಕಿ ಚಪ್ಪಟೆ ಮಾಡಿದ್ದು, ಬೇಜಾರಾಗಿದೆ ಅನ್ನೋ ತರಹ ಹೇಳ್ತಾ ಹೋಗ್ತಾಳೆ. ಪಿಸ್ತೂಲು ಕಂಡಿದ್ದಾಳಾ, ನಿಜವಾದ ರ‍್ಯಾಪರ್ರಾ ಅಥವಾ ಬರೀ ವೇಷವಾ ಅಂತ ಆಗಲೂ ವಾದ. ಅವಳ ಆಲ್ಬಮ್ ಹೊರಬರಲು 2010 ಆಯಿತು. ಅಷ್ಟರಲ್ಲಿ ಅಮೆರಿಕದಲ್ಲಿ ಕೇಶಾ ಅದೇ ತರಹದ ಅರ್ಧ ಮಾತು ಅರ್ಧ ಹಾಡು ಹಿಡಿದು ಮೊದಲ ಸ್ಥಾನಕ್ಕೆ ಹೋಗಿಯಾಗಿತ್ತು. ಉಫಿ ಹಾಡು ನನಗೆ ಅಷ್ಟೇನೂ ಹಿಡಿಸಲಿಲ್ಲ, ನಿಜ ಹೇಳ್ತೇನೆ. ಆದರೆ ಆ ಪಿಸ್ತೂಲು ಆಟಿಕೆ ಅನ್ನೋದು ಅವಳ ಧ್ವನಿಯಲ್ಲೇ ಇದೆ, ಮುಚ್ಚಿಟ್ಟಿಲ್ಲ.

ನಮ್ಮ ಹುಡುಗಿಯ ತೋಕ್ ಹಾಡನ್ನು ಪೂರ್ತಿ ಕೇಳಿದವರು ಪತ್ರ ಬರೆದವರಲ್ಲಿ ಯಾರಾದರೂ ಇದ್ದಾರಾ ಅಂತ ನನಗೆ ಅನುಮಾನ. ಅದರಲ್ಲಿ ಅವಳು ಗುಂಡು ಹಾರಿಸುವುದೇ ಇಲ್ಲ. ತೋಕ್ ಅಜ್ಜನ ಮನೆಯ ಗೋಡೆ ಮೇಲಿದೆ. ಇವಳು ಪಿ.ಜಿ.ಯಲ್ಲಿದ್ದಾಳೆ, ರಾತ್ರಿ ಪಾಳಿ ಮುಗಿಸಿ ಬಸ್‌ಸ್ಟಾಪಿನಿಂದ ರೂಮಿಗೆ ಬೆರಳುಗಳ ಸಂದಿಯಲ್ಲಿ ಬೀಗದ ಕೈ ಹಿಡಿದುಕೊಂಡು ನಡೀತಾಳೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಲು ವಿನಾಯಿತಿ ಇದೆ, 2029ರವರೆಗೆ ಅದನ್ನು ಮುಂದುವರಿಸಿದ್ದಾರೆ, ಅದೆಲ್ಲ ಅವಳಿಗೂ ಗೊತ್ತು. ಆ ವಿನಾಯಿತಿಯಿಂದ ನನಗೇನು ಬಂತು ಅಂತ ಕೇಳ್ತಾಳೆ. ಆಮೇಲೆ ಒಂದು ಜಾಗ ಬರುತ್ತೆ. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುವ ಪದ್ಧತಿ ನಮ್ಮಲ್ಲಿ ಎಲ್ಲರಿಗೂ ಗೊತ್ತಲ್ಲ, ನಾನು ಹುಟ್ಟಿದ ದಿನ ಅಂಗಳ ಸುಮ್ನೆ ಇತ್ತು ಅಂತಾಳೆ. ಅಲ್ಲಿ ಬೀಟ್ ಪೂರ್ತಿ ನಿಂತುಬಿಡುತ್ತೆ. ಜನ ಮೈಕ್ ಕೆಟ್ಟಿತು ಅಂದುಕೊಂಡು ನನ್ನ ಕಡೆ ತಿರುಗಿದರು. ಆಮೇಲೆ ಒಂದೇ ಒಂದು ಏಟು, 808 ಬೇಸ್ ಡ್ರಮ್ಮು, ನನ್ನ ಬೇಸ್ ಬಾಕ್ಸ್ ಮೇಲೆ ಇಟ್ಟಿದ್ದ ನೀರಿನ ಬಾಟಲಿ ಕೆಳಗೆ ಬಿತ್ತು. ತನಗೆ ಹಾರಿಸದ ಗುಂಡನ್ನು ತಾನೇ ಹಾರಿಸಿಕೊಂಡಳು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರು ಯಾರೂ ಹೇಳಿಕೊಡದೆ ಚಪ್ಪಾಳೆ ತಟ್ಟಿದರು.

ತೋಕ್ ಹಿಡಿದು ಗೊತ್ತಾ ಅಂತ ಕೇಳುವವರಿಗೆ ಇನ್ನೊಂದು ಮಾತು. ಕೈಲ್‌ಪೊಳ್ದಿಗೆ, ಅಂದರೆ ನಮ್ಮ ಆಯುಧ ಪೂಜೆಯ ಹಬ್ಬಕ್ಕೆ, ತೋಕ್ ಪೂ ಅನ್ನೋ ಹೂ ಇಟ್ಟು ಪೂಜೆ ಮಾಡಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತಲ್ಲ, ಎಷ್ಟೋ ಕಡೆ ಮೈಕ್ ಸೆಟ್ ನನ್ನದೇ. ಮೀಸೆ ತಿರುವಿಕೊಂಡು ಬಂದು ಕಾಯಿ ಬಿಟ್ಟು ಕೊಂಬೆಗೆ ಹೊಡೆದವರ ಹೆಸರನ್ನು ನಾನು ಮೈಕಿನಲ್ಲಿ ಎರಡನೇ ಸಲ ಕೂಗಿಲ್ಲ. ಮರ್ಯಾದೆಗೆ.

ಒಂದು ವಿಷಯದಲ್ಲಿ ಮಾತ್ರ ಪತ್ರ ಬರೆದವರು ಹತ್ತಿರ ಬಂದಿದ್ದಾರೆ, ಆದರೆ ಕೈ ಹಾಕಿದ್ದು ತಪ್ಪು ಜಾಗಕ್ಕೆ. ಬೀಟ್ ಅವಳದ್ದಲ್ಲ ಅಂತಾರೆ. ಬೀಟ್ ಇನ್ನೊಬ್ಬರು ಮಾಡುವುದು ಈ ಸಂಗೀತದಲ್ಲಿ ಮಾಮೂಲು, ಅದರಲ್ಲಿ ಕಳ್ಳತನ ಏನಿಲ್ಲ. ಆದರೆ ಆ ಹಾಡಿನ ಒಳಗೆ ಒಂದು ದುಡಿ ಸದ್ದು ಇದೆ, ದುಡಿ ಅಂದರೆ ಕೊಡವರ ಸಣ್ಣ ಡೋಲು. ಅದು ಮಿಷನ್ ದುಡಿ ಅಲ್ಲ, ಯಾರೋ ಹಿರಿಯರು ನಿಜವಾಗಿ ಬಾರಿಸಿದ್ದು, ಕೋಲು ಚರ್ಮಕ್ಕೆ ತಾಗಿ ಜಾರುವುದು ಹೆಡ್‌ಫೋನಿನಲ್ಲಿ ಸ್ಪಷ್ಟ ಕೇಳುತ್ತೆ, ಹಿಂದೆ ಬಾಳೋ ಬಾಳೋ ಅಂತ ಎರಡು ದನಿಯೂ ಇದೆ. ಯಾರದ್ದಮ್ಮ ಅಂತ ಕೇಳಿದೆ. ಒಂದು ಮದುವೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು, ಹೆಸರು ಗೊತ್ತಿಲ್ಲ ಅಣ್ಣ ಅಂದಳು. ಇದು ಸರಿ ಅಲ್ಲ. ಬಾಳೋ ಪಾಟಿನ, ಅಂದರೆ ದುಡಿ ಬಾರಿಸಿಕೊಂಡು ಹಾಡುವ ನಮ್ಮ ಜನಪದ ಹಾಡಿನ, ಸಾಲುಗಳು ಎಲ್ಲರ ಆಸ್ತಿ, ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಹಾಡು ಕೂಡಿಸಿ 'ಪಟ್ಟೋಲೆ ಪಳಮೆ' ಪುಸ್ತಕ ತಂದ 1924ಕ್ಕಿಂತ ಎಷ್ಟೋ ಹಿಂದಿನಿಂದ ಬಾಯಿಂದ ಬಾಯಿಗೆ ಬಂದವು. ಹಾಡಿಗೆ ಒಡೆಯ ಇಲ್ಲದಿರಬಹುದು, ಆದರೆ ಅವತ್ತು ಬಾರಿಸಿದ ಕೈಗೆ ಇದ್ದಾನಲ್ಲ.

ರ‍್ಯಾಪಿನಲ್ಲಿ ಇದು ಹಳೇ ರೋಗ. 1979ರಲ್ಲಿ 'ರ‍್ಯಾಪರ್ಸ್ ಡಿಲೈಟ್' ಅಂತ ಮೊದಲ ದೊಡ್ಡ ಹಿಟ್ ಬಂತು. ಅದರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಎಂಬಾತ ಹೇಳಿದ ಸಾಲುಗಳು ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಬರೆದವು. ಕ್ಯಾಜ್ ತನ್ನ ಹೆಸರು ಕ್ಯಾಸನೋವಾ ಅಂತ ಅಕ್ಷರ ಬಿಡಿಸಿ ಹೇಳುವ ಸಾಲನ್ನೂ ಹ್ಯಾಂಕ್ ಬದಲಿಸದೆ ಹಾಗೇ ಹೇಳಿಬಿಟ್ಟ. ರೆಕಾರ್ಡಿನ ಮೇಲೆ ಕ್ಯಾಜ್ ಹೆಸರು ಇರಲಿಲ್ಲ. 2015ರಲ್ಲಿ ಡ್ರೇಕ್ ತನ್ನ ರ‍್ಯಾಪ್ ತಾನೇ ಬರೆಯಲ್ಲ ಅಂತ ಮೀಕ್ ಮಿಲ್ ಎಂಬ ಇನ್ನೊಬ್ಬ ರ‍್ಯಾಪರ್ ಬಹಿರಂಗವಾಗಿ ಹೇಳಿದ, ಒಂದಷ್ಟು ದಿನ ಗಲಾಟೆ ಆಯಿತು, ಡ್ರೇಕ್‌ಗೆ ಜನ ಕಡಿಮೆ ಆಗಲಿಲ್ಲ. ಗಂಡಸರಾದರೆ ಅದು ಗಲಾಟೆ, ಹುಡುಗಿಯಾದರೆ ಅದೇ ಅವಳ ಜಾತಕ.

ಹಾಗಾಗಿ ಅವಳಿಗೆ ನನ್ನ ಮಾತು ಇಷ್ಟೇ. ಆ ಮದುವೆ ಮನೆಯವರನ್ನು ಕೇಳಿ ದುಡಿಯವರನ್ನು ಹುಡುಕು ತಂಗಿ, ಕಷ್ಟ ಏನಿಲ್ಲ, ಕೊಡಗು ಅಷ್ಟು ದೊಡ್ಡದಲ್ಲ. ಹಾಡಿನ ಜೊತೆ ಅವರ ಹೆಸರು ಹಾಕು, ದುಡ್ಡು ಬಂದರೆ ಒಂದು ಪಾಲು ಕೊಡು, ಸಾಧ್ಯ ಆದರೆ ಮುಂದಿನ ಸಲ ಅವರನ್ನೇ ವೇದಿಕೆಗೆ ಕರ್ಕೊಂಡು ಬಾ. ಕಾರ್ಯಕ್ರಮ ಇಡುವವರಿಗೂ ಒಂದು ಮಾತು, ಯುವ ದಸರಾದಲ್ಲಿ ಅವಳಿಗೆ ಅವಕಾಶ ಕೊಡೋದಾದರೆ ಸಂಜೆ ಐದು ಗಂಟೆಗೆ ಖಾಲಿ ಕುರ್ಚಿಗಳ ಮುಂದೆ ನಿಲ್ಲಿಸಬೇಡಿ, ಜನ ಸೇರಿದ ಮೇಲೆ ಕೊಡಿ. ದುಡಿಗೆ ಬೇರೆ ಮೈಕ್ ಬೇಕು, ಎರಡು ಸ್ಟ್ಯಾಂಡ್ ಜಾಸ್ತಿ ತರ್ತೇನೆ. ಬೇಸ್ ಬಾಕ್ಸಿಗೆ ಎಕ್ಸ್‌ಟ್ರಾ ಬಾಡಿಗೆ ಹಾಕಲ್ಲ, ಹೋದ ಸಲದ ಬಾಕಿ ಮಾತ್ರ ಮೊದಲು ಚುಕ್ತಾ ಮಾಡಿ.

ಇಂತಿ,
ಒಬ್ಬ ಸೌಂಡ್ಸ್‌ನವನು
ಕುಶಾಲನಗರ, ಕೊಡಗು