ಮೊಬೈಲಿಗೆ ಕರೆ ಮಾಡುವ ಮುನ್ನ ಒಂದು ಸೊನ್ನೆ

ದಿನಾಂಕ: 09-01-2021

ಸಂಘದ ಸದಸ್ಯರಿಗೂ ಗ್ರಾಹಕರಿಗೂ ನಮಸ್ಕಾರಗಳು.

ಸಂಕ್ರಾಂತಿಯ ಮರುದಿನ, ಅಂದರೆ ಜನವರಿ 15ರಿಂದ, ಸಂಘದ ಜಗಲಿಯಲ್ಲಿರುವ ನಾಣ್ಯದ ಫೋನಿನಿಂದ ಯಾವ ಮೊಬೈಲಿಗೆ ಕರೆ ಮಾಡುವುದಿದ್ದರೂ ಮೊದಲು ಸೊನ್ನೆ ಒತ್ತಬೇಕು, ಆಮೇಲೆ ಹತ್ತು ಅಂಕಿ. ಇದು ಕೇಂದ್ರ ದೂರಸಂಪರ್ಕ ಇಲಾಖೆಯ ಆದೇಶ. ನಿಮ್ಮ ಮನೆಯ ಸ್ಥಿರ ದೂರವಾಣಿಗೂ ಅನ್ವಯಿಸುತ್ತದೆ.

ಇಷ್ಟು ದಿನ ಕರ್ನಾಟಕದ ಮೊಬೈಲಿಗೆ ಸೊನ್ನೆ ಬೇಡ, ಹೊರರಾಜ್ಯದ್ದಾದರೆ ಬೇಕು ಎಂದಿತ್ತು. ನಂಬರು ನೋಡಿ ಅದು ಯಾವ ರಾಜ್ಯದ್ದೆಂದು ಹೇಳುವವರು ಯಾರು? ಮುಂಬೈಯಲ್ಲಿದ್ದ ಮಗ ಬೆಂಗಳೂರಿಗೆ ಬಂದ ಮೇಲೂ ಹಳೆಯ ನಂಬರನ್ನೇ ಇಟ್ಟುಕೊಂಡಿರುತ್ತಾನೆ. ಅಡಿಕೆ ಧಾರಣೆ ಕೇಳಲು ಬಂದವರು ಒಮ್ಮೆ ಸೊನ್ನೆ ಹಾಕಿ, ಒಮ್ಮೆ ಬಿಟ್ಟು, ಕೊನೆಗೆ ಗುಮಾಸ್ತರನ್ನು ಕರೆಯುವುದು ಮಾಮೂಲಾಗಿತ್ತು. ಇನ್ನು ಆ ತಲೆಬಿಸಿ ಇಲ್ಲ. ಹತ್ತಿರದ ಊರುಗಳಿಗೆ ಸೊನ್ನೆಯ ಬದಲು 95 ಒತ್ತುತ್ತಿದ್ದ ಕಾಲವನ್ನು ದಾಟಿ ಬಂದವರಿಗೆ ಇದೇನು ದೊಡ್ಡದಲ್ಲ.

ಮೊಬೈಲ್ ಸಂಖ್ಯೆಗಳು ಸಾಲದೆ ಬಂದಿರುವುದೇ ಇದಕ್ಕೆ ಕಾರಣ. ಸೊನ್ನೆಯ ನಿಯಮದಿಂದ ಮುಂದೆ 254.4 ಕೋಟಿ ಸಂಖ್ಯೆಗಳಿಗೆ ಜಾಗವಾಗುತ್ತದೆ ಎಂಬುದು ಸರ್ಕಾರದ ಲೆಕ್ಕ. ಮೊಬೈಲ್ ನಂಬರೇ ಹನ್ನೊಂದು ಅಂಕಿಯದಾಗುತ್ತದೆ ಎಂದು ಕಳೆದ ವರ್ಷ ಹಬ್ಬಿದ ಸುದ್ದಿ ನಿಜವಲ್ಲ. ಮೊಬೈಲಿನಿಂದ ಮೊಬೈಲಿಗೆ ಮೊದಲಿನಂತೆಯೇ ಹತ್ತು ಅಂಕಿ ಸಾಕು.

ಸ್ಥಿರ ದೂರವಾಣಿಯಿಂದ ಸ್ಥಿರ ದೂರವಾಣಿಗೆ ಮಾಡುವ ಕರೆಗಳಲ್ಲಿ ಏನೂ ಬದಲಾಗಿಲ್ಲ. ಶಿರಸಿಗೆ ಆರು ಅಂಕಿ ಸಾಕು, ಕೋಡ್ ಬೇಡ. ಬೇರೆ ಊರಾದರೆ ಎಸ್‌ಟಿಡಿ ಕೋಡ್ ಪೂರ್ತಿ ಒತ್ತಬೇಕು. ಕುಮಟಾ ಮತ್ತು ಹುಬ್ಬಳ್ಳಿಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಕುಮಟಾದ್ದು 08386, ಹುಬ್ಬಳ್ಳಿಯದು 0836. ಅವಸರದಲ್ಲಿ ಎರಡನೆಯ 8 ಬಿಟ್ಟುಹೋದರೆ ಕರೆ ಹುಬ್ಬಳ್ಳಿಯ ದಾರಿ ಹಿಡಿಯುತ್ತದೆ. ಅಲ್ಲಿಯ ನಂಬರು ಏಳು ಅಂಕಿಯದು, ನಿಮ್ಮ ಕೈಯಲ್ಲಿರುವುದು ಆರು. ಎಷ್ಟು ಹೊತ್ತು ಕಿವಿಗಿಟ್ಟುಕೊಂಡು ನಿಂತರೂ ಗಂಟೆ ಬಾರಿಸುವುದಿಲ್ಲ. ಮೊಬೈಲಿನಿಂದ ಸಂಘಕ್ಕೆ ಕರೆ ಮಾಡುವವರು ಎಂದಿನಂತೆ ಶಿರಸಿಯ ಕೋಡ್ 08384 ಸೇರಿಸಿ.

ಸೊನ್ನೆ ಮರೆತರೆ ಅದನ್ನು ಸೇರಿಸಿ ಡಯಲ್ ಮಾಡುವಂತೆ ಧ್ವನಿಮುದ್ರಿತ ಸೂಚನೆ ಬರುತ್ತದೆ. ಯಾರೋ ಫೋನ್ ಎತ್ತಿದರೆಂದು ತಿಳಿದು ಅದಕ್ಕೆ ನಾಣ್ಯ ಹಾಕಬೇಡಿ. ಬಿದ್ದ ನಾಣ್ಯವನ್ನು ಪೆಟ್ಟಿಗೆ ಹಿಂದಿರುಗಿಸುವುದಿಲ್ಲ, ನಮ್ಮಲ್ಲಿ ಅದರ ಕೀಲಿಯೂ ಇಲ್ಲ.

ಹಳೆಯ ಸೂಚನಾಪಟ್ಟಿಯನ್ನು ತೆಗೆದು ಫೋನಿನ ಹಿಂದಿನ ಗೋಡೆಗೆ ಸುಣ್ಣ ಬಳಿಸುತ್ತಿದ್ದೇವೆ. ಅಲ್ಲಿ ಪೆನ್ಸಿಲಿನಲ್ಲಿ ನಂಬರು ಬರೆದಿಟ್ಟವರು 13ರ ಸಂಜೆಯೊಳಗೆ ಬಂದು ನಕಲು ಮಾಡಿಕೊಳ್ಳಬೇಕು.

ಇಂತಿ,
ಕಾರ್ಯದರ್ಶಿ