ಹದಿನೇಳು ಅಂದಿರಿ, ಲೋಡ್ ಹಾಕಿದರೆ ಹನ್ನೊಂದು: ಡೀಸೆಲ್ ಪಿಕಪ್ ಮೈಲೇಜ್ ಬಗ್ಗೆ ಒಂದು ದೂರು

ದಾವಣಗೆರೆ
18 ನವೆಂಬರ್ 2025

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ
ಪ್ರತಿ: ಮ್ಯಾನೇಜರ್, ದಾವಣಗೆರೆ ಶೋರೂಮ್ ಮತ್ತು ಸರ್ವೀಸ್ ಸೆಂಟರ್

ವಿಷಯ: ಪಿಕಪ್ ಗಾಡಿಯ ಲೋಡ್ ಮೈಲೇಜ್ ಬಗ್ಗೆ ತಪ್ಪು ಮಾಹಿತಿ ಕೊಟ್ಟದ್ದು, ಮೂರು ಸಲ ಹೇಳಿದರೂ ಲೋಡ್ ಹಾಕಿ ಪರೀಕ್ಷೆ ಮಾಡದೆ ‘ಓಕೆ’ ಬರೆದು ಕಳಿಸಿದ್ದು.

ಮಾನ್ಯರೇ,

2024ರ ಸೆಪ್ಟೆಂಬರಿನಲ್ಲಿ ನಿಮ್ಮ ಡೀಸೆಲ್ ಪಿಕಪ್ ತೆಗೆದುಕೊಂಡೆ. ನಾನೇ ಮಾಲೀಕ, ನಾನೇ ಡ್ರೈವರ್. ಇವತ್ತಿಗೆ 39,000 ಕಿಲೋಮೀಟರ್ ಓಡಿದೆ. ಗಾಡಿ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಬ್ರೇಕ್ ಚೆನ್ನಾಗಿದೆ, ಸೀಟು ಹಳೆಯ ಗಾಡಿಗಿಂತ ಎಷ್ಟೋ ವಾಸಿ, ಬೆನ್ನುನೋವು ಕಡಿಮೆಯಾಗಿದೆ. ಕೆಟ್ಟಿರೋದು ಲೆಕ್ಕ.

ಗಾಡಿ ನೋಡಲು ಬಂದ ದಿನ ನಿಮ್ಮ ಸೇಲ್ಸ್ ಹುಡುಗ ಕೊಟೇಶನ್ ಹಾಳೆಯನ್ನು ತಿರುಗಿಸಿ, ಹಿಂಬದಿಯಲ್ಲಿ ನೀಲಿ ಪೆನ್ನಿನಲ್ಲಿ ಲೆಕ್ಕ ಹಾಕಿದ. “ಅಣ್ಣಾ, ಹದಿನೇಳು ಕಣ್ಮುಚ್ಚಿಕೊಂಡು ಬರುತ್ತೆ. ತಿಂಗಳಿಗೆ ಮೂರು ಸಾವಿರ ಕಿಲೋಮೀಟರ್ ಓಡಿಸ್ತೀರಿ ಅಲ್ವಾ? ಡೀಸೆಲ್ ಇಷ್ಟು, ಕಂತು ಇಷ್ಟು, ಉಳಿಯೋದು ಇಷ್ಟು.” ‘ಉಳಿಯೋದು’ ಅನ್ನುವುದರ ಕೆಳಗೆ ಎರಡು ಗೆರೆ ಬೇರೆ ಎಳೆದ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ, ನಕಲು ಜೊತೆಗಿಟ್ಟಿದ್ದೇನೆ. ಲೋಡ್ ಹಾಕಿದಾಗ ಎಷ್ಟು ಬರುತ್ತೆ ಅಂತ ಕೇಳಿದೆ. “ಒಂದು ಅರ್ಧ ಕಿಲೋಮೀಟರ್ ಕಡಿಮೆ ಆಗಬಹುದು ಅಣ್ಣಾ, ಅಷ್ಟೇ” ಅಂದ.

ಈಗ ನನ್ನ ಲೆಕ್ಕ ನೋಡಿ. ಗಾಡಿ ಮುಂದಿನ ಮೀಟರಿನಲ್ಲಿ ಬರುವ ಮೈಲೇಜನ್ನು ನಾನು ನಂಬುವುದಿಲ್ಲ. ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಹಾಕುತ್ತೇನೆ. ಬಂಕಿನಲ್ಲಿ ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಗನ್ ಆಟೋ ಕಟ್ ಆಗುವವರೆಗೆ ತುಂಬಿಸುವುದು. ನೊರೆ ಇಳಿಯುವ ತನಕ ಎರಡು ನಿಮಿಷ ಕಾಯುವುದು. ಮತ್ತೊಮ್ಮೆ ಕಟ್ ಆಗುವವರೆಗೆ ಹಾಕಿಸುವುದು. ಡೀಸೆಲ್ ನೊರೆ ಅರ್ಧ ಲೀಟರ್ ಮೋಸ ಮಾಡಿಬಿಡುತ್ತೆ. ಬಂಕಿನ ಹುಡುಗರಿಗೆ ನನ್ನ ಮುಖ ಕಂಡರೆ ಈಗ ನಗು, ‘ನೊರೆ ಯಜಮಾನ್ರು ಬಂದ್ರು’ ಅಂತಾರೆ.

ತುಮಕೂರಿಗೆ ಖಾಲಿ ಹೋಗಿ, ಅಲ್ಲಿಂದ ಪಶು ಆಹಾರ ಹೇರಿಕೊಂಡು ಬರುವ ಬಾಡಿಗೆ ಮೂರು ಸಲ ಸಿಕ್ಕಿತು. ಹೋಗೋದು ಪೂರ್ತಿ ಖಾಲಿ, ಬರೋದು ಪೂರ್ತಿ ಲೋಡು, ರಸ್ತೆ ಒಂದೇ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಎಲ್ಲಿ ಸಿಗುತ್ತೆ? 50 ಕೆಜಿಯ 25 ಚೀಲ, ಅಂದರೆ 1,250 ಕೆಜಿ. ಗಾಡಿಗೆ ನೀವೇ ಬರೆದುಕೊಟ್ಟ ಮಿತಿ 1,300. ಓವರ್‌ಲೋಡ್ ಅನ್ನಬೇಡಿ, ವೇಬ್ರಿಡ್ಜ್ ಚೀಟಿ ಮೂರೂ ಲಗತ್ತಿಸಿದ್ದೇನೆ. ಖಾಲಿ ಹೋಗುವಾಗ ಲೀಟರಿಗೆ 15.6, 15.9, 16.1 ಬಂತು. ಲೋಡಿನಲ್ಲಿ ಬರುವಾಗ 10.9, 11.2, 11.4. ನಡುವಿನ ಟ್ರಿಪ್ಪನ್ನೇ ಬಿಡಿಸಿ ಹೇಳುತ್ತೇನೆ: ಹೋಗುವಾಗ 192 ಕಿಲೋಮೀಟರಿಗೆ 12.08 ಲೀಟರ್, ಬರುವಾಗ 193 ಕಿಲೋಮೀಟರಿಗೆ 17.24 ಲೀಟರ್. ತುಮಕೂರು ನಮ್ಮ ದಾವಣಗೆರೆಗಿಂತ 200 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಅಂದರೆ ಲೋಡ್ ತರುವಾಗ ಒಟ್ಟಾರೆ ಇಳಿಜಾರೇ ಇತ್ತು, ಅದು ನಿಮ್ಮ ಕಡೆಗೇ ಉಪಕಾರ. ಆದರೂ ಹನ್ನೊಂದು.

ಅದೇ ಟ್ರಿಪ್ಪಿನಲ್ಲಿ ನಿಮ್ಮ ಮೀಟರ್ ಏನು ತೋರಿಸಿತು ಗೊತ್ತಾ? ಖಾಲಿಗೆ 17.1, ಲೋಡಿಗೆ 12.3. ಎರಡು ಕಡೆಯೂ ಒಂದಕ್ಕಿಂತ ಜಾಸ್ತಿ ಸುಳ್ಳು. ಸೇಲ್ಸ್ ಹುಡುಗನ ಹದಿನೇಳು ಎಲ್ಲಿಂದ ಹುಟ್ಟಿತು ಅಂತ ನನಗೆ ಅವತ್ತು ಅರ್ಥವಾಯಿತು.

ಲೋಡ್ ಹಾಕಿದರೆ ಮೈಲೇಜ್ ಬೀಳುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹತ್ತೊಂಬತ್ತು ವರ್ಷದಿಂದ ಸ್ಟೇರಿಂಗ್ ಹಿಡಿದಿದ್ದೇನೆ. ಖಾಲಿ ಗಾಡಿ 1,720 ಕೆಜಿ ಇದೆ, ಲೋಡ್ ಹಾಕಿದರೆ ಹತ್ತಿರ ಹತ್ತಿರ ಮೂರು ಟನ್. ತೂಕ ಮುಕ್ಕಾಲು ಪಾಲು ಏರುತ್ತೆ, ಡೀಸೆಲ್ ಅಷ್ಟು ಏರುವುದಿಲ್ಲ, ನನ್ನ ಲೆಕ್ಕದಲ್ಲಿ ನೂರಕ್ಕೆ 43 ಏರಿದೆ. ಯಾಕೆಂದರೆ ಇಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲು, ಗಾಳಿ ಸೀಳಿಕೊಂಡು ಹೋಗಲು ತಿನ್ನುವ ಡೀಸೆಲ್ ಖಾಲಿಗೂ ಲೋಡಿಗೂ ಹೆಚ್ಚೂಕಡಿಮೆ ಒಂದೇ. ತೂಕ ತನ್ನ ಕೆಲಸ ತೋರಿಸುವುದು ದಿಬ್ಬ ಹತ್ತುವಾಗ, ನಿಂತ ಗಾಡಿಯನ್ನು ಎಬ್ಬಿಸುವಾಗ. ಹೆಬ್ಬಾಳು ಟೋಲಿನ ಕ್ಯೂನಲ್ಲಿ ಮೂರು ಟನ್ನನ್ನು ಹತ್ತು ಸಲ ನಿಲ್ಲಿಸಿ ಹತ್ತು ಸಲ ಎಬ್ಬಿಸಿ ನೋಡಿ. ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಸುಟ್ಟ ಡೀಸೆಲ್ ಡ್ರಮ್ಮಿನ ಬಿಸಿಯಾಗಿ ಹೋಗುತ್ತೆ.

ತೂಕ ಒಂದೇ ಅಲ್ಲ. ನಮ್ಮೂರಿನ ಮಂಡಕ್ಕಿ ಭಟ್ಟಿಗಳ ಬಗ್ಗೆ ಕೇಳಿರುತ್ತೀರಿ. ಮಂಡಕ್ಕಿ ಚೀಲ ಹೇರಿದರೆ ಎಲ್ಲಾ ಸೇರಿ 400 ಕೆಜಿ ದಾಟಲ್ಲ. ಆದರೆ ಕ್ಯಾಬಿನ್ ಮೇಲೆ ಆಳೆತ್ತರ ಏರುತ್ತೆ, ಅದರ ಮೇಲೆ ತಾಡಪಾಲು, ಹಗ್ಗ. ತೂಕದಲ್ಲಿ ಏನೂ ಇಲ್ಲ, ಗಾಳಿಗೆ ಮಾತ್ರ ಗೋಡೆ. ಹಿರಿಯೂರಿಗೆ ಇದೇ ಲೋಡ್ ಹಾಕಿಕೊಂಡು 75ರಲ್ಲಿ ಓಡಿಸಿದಾಗ 12.6 ಬಂತು. ಮುಂದಿನ ವಾರ ಅದೇ ಲೋಡ್, 55 ದಾಟಿಸಲಿಲ್ಲ, 14.2 ಬಂತು. ಗಾಳಿಯ ತಡೆ ವೇಗದ ವರ್ಗಕ್ಕೆ ಏರುತ್ತೆ ಅಂತ ಪಿಯುಸಿ ಓದುವ ಮಗಳು ಹೇಳಿದಳು. 60ರಿಂದ 80ಕ್ಕೆ ಹೋದರೆ ಹತ್ತಿರ ಹತ್ತಿರ ಒಂದೂಮುಕ್ಕಾಲು ಪಟ್ಟು. ಅದರಲ್ಲೂ ಚಿತ್ರದುರ್ಗ ಅಂದರೆ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವ ಊರು. ಮಳೆಗಾಲದಲ್ಲಿ ಅಲ್ಲಿಂದ ಈ ಕಡೆ ಬರುವಾಗ ಗಾಳಿ ಎದೆಗೇ ಹೊಡೆಯುತ್ತೆ, ತಾಡಪಾಲು ಪಟಪಟ ಬಡಿದುಕೊಳ್ಳುತ್ತೆ.

ಇನ್ನೊಂದು, ಎಳೆಯುವ ಕೆಲಸ. ಮೋಲ್ಡ್ ಹಾಕುವ ದಿನ ಕಾಂಕ್ರೀಟ್ ಮಿಕ್ಸರನ್ನು ಹಿಂದೆ ಕೊಕ್ಕೆಗೆ ಸಿಕ್ಕಿಸಿಕೊಂಡು ಸೈಟಿಗೆ ಮುಟ್ಟಿಸುತ್ತೇನೆ. ಅದರ ಪುಟ್ಟ ಚಕ್ರಕ್ಕೆ 25ರ ಮೇಲೆ ಓಡಿಸುವ ಹಾಗಿಲ್ಲ. ಎರಡನೇ ಗೇರ್, ಮೂರನೇ ಗೇರ್, ಇಂಜಿನ್ ಗುರ್ ಅನ್ನುತ್ತಲೇ ಇರುತ್ತೆ, ಕಿಲೋಮೀಟರ್ ಮಾತ್ರ ಮುಂದೆ ಹೋಗುವುದಿಲ್ಲ. ಅಲ್ಲಿ ಎಂಟೂವರೆ ಬಂದಿದೆ. ಆ ಎಂಟೂವರೆಗೆ ನಾನು ನಿಮ್ಮನ್ನು ದೂರುವುದಿಲ್ಲ, ಅದು ನನ್ನ ಹಣೆಬರಹ.

ದೂರುತ್ತಿರುವುದು ಇದಕ್ಕೆ. ನನ್ನ ಹಳೆಯ ಬಿಎಸ್4 (ಹಿಂದಿನ ಹೊಗೆ ನಿಯಮದ) ಪಿಕಪ್ ಇದೇ ರಸ್ತೆಯಲ್ಲಿ, ಇಷ್ಟೇ ಲೋಡಿಗೆ ಹನ್ನೆರಡರ ಕೆಳಗೆ ಇಳಿಯುತ್ತಿರಲಿಲ್ಲ. ಈ ಹೊಸ ಬಿಎಸ್6 ಗಾಡಿಯಲ್ಲಿ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ನಿಮ್ಮವರು ಡಿಪಿಎಫ್ ಅನ್ನುತ್ತಾರೆ. ಅದರಲ್ಲಿ ಮಸಿ ತುಂಬಿದಾಗ ಇಂಜಿನ್ ತಾನಾಗಿ ಜಾಸ್ತಿ ಡೀಸೆಲ್ ಬಿಟ್ಟು ಅದನ್ನು ಸುಡುತ್ತೆ. ಹೊಗೆ ಕಡಿಮೆ ಆಗಲಿ ಅಂತ ಮಾಡಿದ್ದು, ಒಳ್ಳೆಯದೇ. ಆದರೆ ಎಷ್ಟು ಕಿಲೋಮೀಟರಿಗೊಮ್ಮೆ ಸುಡಬೇಕು? ನನ್ನ ಗಾಡಿಯಲ್ಲಿ 150 ಕಿಲೋಮೀಟರಿಗೊಮ್ಮೆ ಶುರುವಾಗುತ್ತೆ. ಹೋದ ತಿಂಗಳು ಎಪಿಎಂಸಿ ಗೇಟಿನ ಹತ್ತಿರ ಮೆಕ್ಕೆಜೋಳದ ಗಾಡಿಗಳ ಸಾಲಿನಲ್ಲಿದ್ದೆ. ಐಡ್ಲಿಂಗ್ ತಾನಾಗಿ ಏರಿತು, ಫ್ಯಾನ್ ಜೋರಾಗಿ ತಿರುಗತೊಡಗಿತು, ಅಡಿಯಿಂದ ಕಾದ ಕಬ್ಬಿಣದ ವಾಸನೆ. ಪಕ್ಕದಲ್ಲಿ ಚೀಲ ಇಳಿಸುತ್ತಿದ್ದ ಹಮಾಲರು, “ಯಣ್ಣಾ, ಗಾಡಿ ಹತ್ಕೊಂತೈತೆ, ನೋಡು” ಅಂತ ಕೂಗಿ ದೂರ ಸರಿದರು. ನಾನು ಕ್ಯೂನಲ್ಲಿ ಇಂಜಿನ್ ಆಫ್ ಮಾಡುವವನು. ಅವತ್ತು ಆಫ್ ಮಾಡಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತೆ, ಮಾಡದಿದ್ದರೆ ನಿಂತಲ್ಲೇ ಡೀಸೆಲ್ ಸುಡುತ್ತೆ. ಸುಮ್ನೆ ಕೂತು ನೋಡಿದೆ.

ಇದನ್ನು ಹೇಳಿಕೊಂಡು ನಿಮ್ಮ ಸರ್ವೀಸ್ ಸೆಂಟರಿಗೆ ಮೂರು ಸಲ ಬಂದೆ. ಮೊದಲ ಸಲ, “ಹೈವೇನಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಸರಿಹೋಗುತ್ತೆ.” ನಾನು ವಾರಕ್ಕೆ ಎರಡು ಸಲ ಚಿತ್ರದುರ್ಗಕ್ಕೆ ಹೋಗಿ ಬರುವವನು, ಒಂದು ದಾರಿಗೇ 60 ಕಿಲೋಮೀಟರ್ ಹೈವೇ! ಎರಡನೇ ಸಲ, “ನಿಮ್ಮ ಡ್ರೈವಿಂಗ್ ಸ್ಟೈಲ್ ಬದಲಾಯಿಸಿಕೊಳ್ಳಿ ಸಾರ್.” ಹೇಳಿದ ಹುಡುಗನಿಗೆ ನನ್ನ ಲೈಸೆನ್ಸಿನಷ್ಟು ವಯಸ್ಸಾಗಿತ್ತೋ ಇಲ್ಲವೋ. ಮೂರನೇ ಸಲ, ಅಕ್ಟೋಬರಿನಲ್ಲಿ, ಚೆಕಪ್ ಅಂತ ₹2,360 ಕಟ್ಟಿಸಿಕೊಂಡರು. ಇಬ್ಬರು ಹತ್ತಿ, ಖಾಲಿ ಗಾಡಿಯನ್ನು ಬೈಪಾಸಿನಲ್ಲಿ 14 ಕಿಲೋಮೀಟರ್ ಓಡಿಸಿ ಬಂದರು. ಮೀಟರಿನಲ್ಲಿ 17.4 ಇತ್ತು. ಜಾಬ್ ಕಾರ್ಡಿನಲ್ಲಿ ‘ಮೈಲೇಜ್ ಓಕೆ’ ಅಂತ ಬರೆದರು. 14 ಕಿಲೋಮೀಟರಿಗೆ ಒಂದು ಲೀಟರ್ ಡೀಸೆಲ್ ಕೂಡ ಖರ್ಚಾಗಿರುವುದಿಲ್ಲ. ಅಷ್ಟರಲ್ಲಿ ಏನು ತಿಳಿಯಿತು? ಎತ್ತು ಕುಂಟುತ್ತಿದೆ, ನೊಗ ಹೂಡಿದಾಗ ನೋಡಿ ಅಂದರೆ ಕೊಟ್ಟಿಗೆಯಲ್ಲಿ ನಿಲ್ಲಿಸಿ ನೋಡಿದ ಹಾಗಾಯಿತು.

ಟಯರಿನ ಗಾಳಿ, ಏರ್ ಫಿಲ್ಟರ್, ಬ್ರೇಕ್ ಹಿಡಿದುಕೊಂಡಿದೆಯಾ ಅನ್ನೋದು ಎಲ್ಲಾ ನಾನೇ ಹೊರಗೆ ತೋರಿಸಿ ನೋಡಿದ್ದೇನೆ. ಸರಿಯಾಗಿದೆ. ಖಾಲಿಗೆ ಎಷ್ಟು ಗಾಳಿ, ಲೋಡಿಗೆ ಎಷ್ಟು ಅಂತ ಬಾಗಿಲಿಗೆ ಅಂಟಿಸಿದ ಚೀಟಿ ನೋಡಿಯೇ ಹಿಡಿಸುತ್ತೇನೆ. ತಮಾಷೆ ನೋಡಿ, ಗಾಳಿಗೆ ಖಾಲಿ ಬೇರೆ, ಲೋಡ್ ಬೇರೆ ಅಂತ ನೀವೇ ಎರಡು ಅಂಕಿ ಬರೆದಿದ್ದೀರಿ. ಮೈಲೇಜಿಗೆ ಮಾತ್ರ ಒಂದೇ ಅಂಕಿ.

ಮ್ಯಾನೇಜರ್ ಅವರನ್ನು ಕೇಳಿದಾಗ, ಕಂಪನಿಯ ಅಂಕಿ ಪುಣೆಯ ಎಆರ್‌ಎಐ ಅನ್ನೋ ಗಾಡಿ ಪರೀಕ್ಷಾ ಸಂಸ್ಥೆಯದ್ದು ಅಂದರು. ಇರಲಿ, ಸುಳ್ಳು ಅಂತ ನಾನು ಹೇಳುವುದಿಲ್ಲ. ಅದು ಲ್ಯಾಬಿನೊಳಗೆ ಗಾಡಿಯ ಚಕ್ರವನ್ನು ರೋಲರ್ ಮೇಲೆ ತಿರುಗಿಸಿ ತೆಗೆಯುವ ಅಂಕಿ. ಒಂದು ಗಾಡಿಯನ್ನು ಇನ್ನೊಂದರ ಜೊತೆ ಹೋಲಿಸಿ ನೋಡಲು ಸರಿ. ಅದನ್ನು ತಂದು ಬಾಡಿಗೆ ಗಾಡಿಯವನ ಕಂತಿನ ಲೆಕ್ಕಕ್ಕೆ ಹಾಕಿದ್ದು ಮಾತ್ರ ತಪ್ಪು. ಪಿಕಪ್ಪನ್ನು ಖಾಲಿ ಓಡಿಸಲು ಯಾರು ಕೊಳ್ಳುತ್ತಾರೆ?

ಆ ತಪ್ಪಿನ ಬೆಲೆ ಹೇಳುತ್ತೇನೆ. ಡೀಸೆಲ್ ಲೀಟರಿಗೆ ₹91 ಅಂತ ಹಿಡಿಯೋಣ. ನಿಮ್ಮ ಹುಡುಗನ ಹದಿನೇಳರ ಲೆಕ್ಕದಲ್ಲಿ 3,000 ಕಿಲೋಮೀಟರಿಗೆ ಸುಮಾರು ₹16,060. ನನ್ನ ಓಡಾಟ ಅರ್ಧ ಖಾಲಿ, ಅರ್ಧ ಲೋಡು. 1,500ಕ್ಕೆ 15.9ರಂತೆ 94 ಲೀಟರ್, ಇನ್ನು 1,500ಕ್ಕೆ 11.2ರಂತೆ 134 ಲೀಟರ್. ಒಟ್ಟು 228 ಲೀಟರ್, ಹತ್ತಿರ ಹತ್ತಿರ ₹20,750. (ಎರಡನ್ನೂ ಕೂಡಿ ಭಾಗಿಸಿ ‘ಹದಿಮೂರೂವರೆ ಬರುತ್ತಲ್ಲಾ’ ಅನ್ನಬೇಡಿ. ಲೀಟರ್ ಲೆಕ್ಕ ಹಾಕಿದರೆ ಬರುವುದು 13.1. ಲೋಡಿನ ಕಿಲೋಮೀಟರ್ ಜಾಸ್ತಿ ಕುಡಿಯುತ್ತೆ.) ತಿಂಗಳಿಗೆ ₹4,700 ವ್ಯತ್ಯಾಸ. ಎರಡು ಗೆರೆ ಎಳೆದ ಆ ‘ಉಳಿಯೋದು’ ಇತ್ತಲ್ಲ, ಅದರಲ್ಲಿ ಅರ್ಧಕ್ಕೂ ಜಾಸ್ತಿ ಇಲ್ಲೇ ಕರಗಿತು. ಹದಿನಾಲ್ಕು ತಿಂಗಳಿಗೆ ಎಷ್ಟಾಯಿತು ನೀವೇ ಗುಣಿಸಿ.

ನನಗೆ ಬೇಕಾದ್ದು ಇಷ್ಟು. ನಿಮ್ಮ ಮೆಕ್ಯಾನಿಕ್ ಒಬ್ಬರು ನನ್ನ ಜೊತೆ ಕೂತು ಒಂದು ಪೂರ್ತಿ ಲೋಡಿನ ಟ್ರಿಪ್ ಬರಬೇಕು. ಟ್ಯಾಂಕಿನ ಮುಚ್ಚಳಕ್ಕೆ ಸೀಲ್ ಹಾಕಿ, ವೇಬ್ರಿಡ್ಜ್ ಚೀಟಿ ಇಟ್ಟುಕೊಂಡು, ಬಂದ ಅಂಕಿಯನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಡಬೇಕು. ಸ್ಕ್ಯಾನರ್ ಹಾಕಿದರೆ ಡಿಪಿಎಫ್ ಎಷ್ಟು ಕಿಲೋಮೀಟರಿಗೊಮ್ಮೆ ಸುಟ್ಟಿದೆ, ಎಷ್ಟು ಸಲ ಅರ್ಧಕ್ಕೆ ನಿಂತಿದೆ ಅಂತ ಬರುತ್ತೆ. ಅಕ್ಟೋಬರಿನಲ್ಲಿ ನಿಮ್ಮವರು ಸ್ಕ್ಯಾನರ್ ಹಾಕಿದ್ದನ್ನು ಕಣ್ಣಾರೆ ಕಂಡೆ, ಪ್ರಿಂಟ್ ಕೇಳಿದರೆ ‘ಕಸ್ಟಮರ್‌ಗೆ ಕೊಡಲ್ಲ’ ಅಂದರು. ನನ್ನ ಗಾಡಿಯ ವಿವರ ನನಗೇ ಕೊಡಲ್ಲವಾ? ಅದು ಬೇಕು. ಸೆನ್ಸರೋ ಇಂಜೆಕ್ಟರೋ ಕೆಟ್ಟಿದ್ದರೆ ವಾರಂಟಿಯಲ್ಲಿ ಬದಲಾಯಿಸಿ. ಏನೂ ಕೆಟ್ಟಿಲ್ಲ, ಈ ಗಾಡಿ ಲೋಡಿನಲ್ಲಿ ಕೊಡುವುದೇ ಹನ್ನೊಂದು ಅಂತಾದರೆ ಅದನ್ನೇ ಕಂಪನಿ ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಿ. ಪರೀಕ್ಷೆಯನ್ನೇ ಮಾಡದೆ ತೆಗೆದುಕೊಂಡ ₹2,360 ವಾಪಸ್ ಮಾಡಿ. ಶೋರೂಮಿನ ಗಾಜಿಗೆ ಅಂಟಿಸಿರುವ ಆ ದೊಡ್ಡ ‘17’ರ ಪಕ್ಕ ‘ಖಾಲಿ ಗಾಡಿಗೆ’ ಅಂತಲಾದರೂ ಬರೆಸಿ. ಬೇರೆ ಹುಡುಗರು ಸಾಲ ಮಾಡಿ ಬರುತ್ತಾರೆ.

ಈ ಪತ್ರ ತಲುಪಿದ 15 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ, ಆಮೇಲೆ ಇಲ್ಲೇ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ‘ಇದು ಕಮರ್ಷಿಯಲ್ ಗಾಡಿ, ನೀವು ಗ್ರಾಹಕರಲ್ಲ’ ಅಂತ ನಿಮ್ಮವರು ಆಗಲೇ ಒಮ್ಮೆ ಹೆದರಿಸಿ ನೋಡಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ವಕೀಲರ ಹತ್ತಿರ ಓದಿಸಿ ನೋಡಿದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತು ‘ಕಮರ್ಷಿಯಲ್’ ಲೆಕ್ಕಕ್ಕೆ ಬರುವುದಿಲ್ಲ, ಕೊಂಡವನು ಗ್ರಾಹಕನೇ. ನನಗೆ ಇರುವುದು ಇದೊಂದೇ ಗಾಡಿ, ಓಡಿಸುವುದು ನಾನೊಬ್ಬನೇ.

ಈಗ ಮೆಕ್ಕೆಜೋಳದ ಸೀಸನ್. ಬೆಳಿಗ್ಗೆ ಆರಕ್ಕೆ ಜಗಳೂರು ಕಡೆ ಖಾಲಿ ಹೊರಡುತ್ತೇನೆ, ಮಧ್ಯಾಹ್ನ ಲೋಡ್ ಜೊತೆ ಎಪಿಎಂಸಿಗೆ ಬರುತ್ತೇನೆ. ನಿಮ್ಮ ಮೆಕ್ಯಾನಿಕ್ ಯಾವ ದಿನ ಬಂದರೂ ಸರಿ, ತಿಂಡಿ ನಂದೇ. ಭಾನುವಾರ ಮಾತ್ರ ಬೇಡ, ಅವತ್ತು ಗಾಡಿ ಖಾಲಿ ನಿಂತಿರುತ್ತೆ.

ಇಂತಿ,
ನಿಮ್ಮ ಗ್ರಾಹಕ
(ಮಾಲೀಕ ಮತ್ತು ಚಾಲಕ)

ಲಗತ್ತು: ಕೊಟೇಶನ್ ಹಿಂಬದಿಯ ನಕಲು, ವೇಬ್ರಿಡ್ಜ್ ಚೀಟಿ 3, ಬಂಕ್ ಬಿಲ್‌ಗಳು, ಜಾಬ್ ಕಾರ್ಡ್ 3, ₹2,360ರ ರಸೀದಿ.